ಬಿದಿಗೆ ಚಂದ್ರನ ಖಾಲಿ ರೀಲು

ಕ್ಯಾಮೆರಾದ ರೀಲು ತುಂಬಿಕೊಂಡು ಬರುತ್ತಿದ್ದ ಆ ಪುಟ್ಟ ಕಪ್ಪು ಪ್ಲಾಸ್ಟಿಕ್ ಡಬ್ಬಿ ನಿಮಗೂ ನೆನಪಿರಬೇಕು. ಅದಕ್ಕೊಂದು ಬೂದು ಮುಚ್ಚಳ; ಒತ್ತಿದರೆ ಟಪ್ಪೆಂದು ಕೂರುತ್ತಿತ್ತು. ರೀಲು ಖಾಲಿಯಾದ ಮೇಲೆ ಅದನ್ನು ಎಸೆದ ಮನೆ ನಾನು ಕಂಡಿಲ್ಲ. ನಮ್ಮಮ್ಮ ಅದರಲ್ಲಿ ಇಂಗು ಇಡುತ್ತಿದ್ದಳು. ವಿಜಯವಾಡದ ಪಟಮಟದಲ್ಲಿದ್ದ ನಮ್ಮ ಬಾಡಿಗೆ ಮನೆಯನ್ನು ಖಾಲಿ ಮಾಡುವಾಗ ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಅದು ಕೈಗೆ ಸಿಕ್ಕಿತು. ಮುಚ್ಚಳ ತೆಗೆದು ಮೂಗಿಗೆ ಹಿಡಿದೆ. ಇಂಗು ಮುಗಿದು ಯಾವ ಕಾಲವಾಯಿತೋ, ವಾಸನೆ ಮಾತ್ರ ಹಾಗೇ ಇತ್ತು. ಅದರ ಬೆನ್ನಿಗೇ ಹುಳಿಹುಳಿಯಾದ ಇನ್ನೊಂದು ಸಣ್ಣ ವಾಸನೆ, ರೀಲಿನದು. ಇಂಥ ಹೊತ್ತಿನಲ್ಲಿ ಎಲ್ಲರಿಗೂ ಕಣ್ಣೀರು ಬರುತ್ತದಂತೆ. ನನಗೆ ಮೊದಲು ಬಂದದ್ದು ಸಿಟ್ಟು. ಆ ಡಬ್ಬಿಯಲ್ಲಿದ್ದ ಒಂದು ರೀಲಿನ ಸಲುವಾಗಿ ನನ್ನ ಹನ್ನೊಂದನೆಯ ವಯಸ್ಸಿನಲ್ಲಿ ಎರಡು ಇಡೀ ಮಧ್ಯಾಹ್ನ ತಾರಸಿಯ ಮೇಲೆ ಬೆಡ್‌ಶೀಟು ಹಿಡಿದು ನಿಂತಿದ್ದೆ. ಆಮೇಲೆ ಒಂದು ಇಡೀ ತಿಂಗಳು ಯಾವ ತಪ್ಪೂ ಮಾಡದೆ ಜೈಲು ಅನುಭವಿಸಿದೆ. ಅಪ್ಪ ಅಮ್ಮ ಇಬ್ಬರೂ ಈಗಿಲ್ಲ. ಬೈಯೋಣವೆಂದರೆ ಯಾರನ್ನು ಬೈಯುವುದು?

ಅಪ್ಪ ಗದಗಿನ ಕಡೆಯವರು. ಕೆಲಸ ಹುಡುಕಿಕೊಂಡು ವಿಶಾಖಪಟ್ಟಣಕ್ಕೆ ಬಂದು, ದುವ್ವಾಡದ ಹತ್ತಿರ ರಫ್ತಿನ ಸಾಮಾನು ಮಾಡುವ ಒಂದು ಕಾರ್ಖಾನೆಯಲ್ಲಿ ಅಳತೆ ಪರೀಕ್ಷಿಸುವ ವಿಭಾಗ ಸೇರಿದ್ದರು. ಅಮ್ಮ ವಿಜಯವಾಡದ ತೆಲುಗು ಮನೆಯ ಹುಡುಗಿ, ಪಟಮಟದ ಒಂದು ಶಾಲೆಯಲ್ಲಿ ಲೆಕ್ಕದ ಟೀಚರು. ಇವರಿಬ್ಬರ ಮದುವೆ ಹೇಗಾಯಿತೆನ್ನುವುದು ಬೇರೆಯೇ ಕಥೆ. ಆದ ಮೇಲೆ ಇಬ್ಬರೂ ತಮ್ಮ ತಮ್ಮ ಕೆಲಸ ಬಿಡಲಿಲ್ಲ ಎನ್ನುವುದಷ್ಟೇ ಇಲ್ಲಿಗೆ ಬೇಕಾದದ್ದು. ಹದಿನೈದು ದಿನಕ್ಕೊಮ್ಮೆ ಶನಿವಾರ ಅಪ್ಪ ರೈಲಿನಲ್ಲಿ ಬರುತ್ತಿದ್ದರು, ಭಾನುವಾರ ಹೊರಟುಹೋಗುತ್ತಿದ್ದರು. ಅಪ್ಪನದು ಅಚ್ಚ ಗದಗಿನ ಮಾತು. ಅಮ್ಮ ಅತ್ತೆಯಿಂದ ಕಲಿತ ಕನ್ನಡಕ್ಕೆ ತೆಲುಗಿನ ಒಗ್ಗರಣೆ ಹಾಕುತ್ತಿದ್ದಳು. ನಾನು ಶಾಲೆಯಲ್ಲಿ, ಬೀದಿಯಲ್ಲಿ, ಕನಸಿನಲ್ಲಿ ತೆಲುಗು. ಅಪ್ಪ ಬಂದ ಎರಡು ದಿನ ಮಾತ್ರ ಕನ್ನಡ. ಸೀಮೆಸುಣ್ಣ ಹಿಡಿಸಿ ನೆಲದ ಮೇಲೆ ಅಕ್ಷರ ತಿದ್ದಿಸುತ್ತಿದ್ದರು. ಆ ನೆಲ ಒರೆಸುವ ಕೆಲಸವೂ ನನ್ನದೇ.

ಅಮ್ಮನಿಗೆ ಒಂದು ನೇಮವಿತ್ತು. ಪ್ರತಿ ಅಮಾವಾಸ್ಯೆ ಕಳೆದ ಮೇಲೆ ಬಿದಿಗೆಯ ಸಂಜೆ, ಅವಳ ಬಾಯಲ್ಲಿ ವಿದಿಯ, ತಾರಸಿಗೆ ಹೋಗಿ ಪಶ್ಚಿಮಕ್ಕೆ ನಿಂತು ಎಳೆಚಂದ್ರನನ್ನು ನೋಡಲೇಬೇಕು. ನೋಡಿ, ಸೆರಗಿನ ತುದಿಯಿಂದ ಒಂದು ನೂಲೆಳೆ ಕಿತ್ತು ಅವನತ್ತ ಎಸೆಯಬೇಕು, ಹೊಸಬಟ್ಟೆ ಕೊಟ್ಟಂತೆ. ಹೀಗೆ ಕಿತ್ತೂ ಕಿತ್ತೂ ಅವಳ ಒಂದು ಸೀರೆಗೂ ನೆಟ್ಟಗಿನ ಸೆರಗು ಉಳಿದಿರಲಿಲ್ಲ. ಇಷ್ಟಕ್ಕೇ ಮುಗಿದಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಚಂದ್ರನನ್ನು ನೋಡಿದ ಕೂಡಲೇ ಅಮ್ಮ ಕಣ್ಣು ಮುಚ್ಚಿಬಿಡುತ್ತಿದ್ದಳು. ಚಂದ್ರನಾದ ಮೇಲೆ ಮೊದಲು ನೋಡುವ ಮುಖ ಅಪ್ಪನದೇ ಆಗಬೇಕು. ಅಪ್ಪ ಇರುವುದು ಏಳು ಗಂಟೆಯ ರೈಲುದಾರಿಯಾಚೆ. ಆದ್ದರಿಂದ ನಡುಮನೆಯ ಗೋಡೆಯ ಮೇಲೆ, ಕ್ಯಾಲೆಂಡರಿಗೂ ಗಡಿಯಾರಕ್ಕೂ ನಡುವೆ, ಅಪ್ಪನ ಒಂದು ಫೋಟೋ ತೂಗುತ್ತಿತ್ತು. ಬದುಕಿರುವವರ ಫೋಟೋ ಹೀಗೆ ಗೋಡೆಗೆ ಹಾಕಬಾರದೆಂದು ಮನೆಗೆ ಬಂದವರೆಲ್ಲ ಹೇಳುತ್ತಿದ್ದರು. ಅಮ್ಮ ಕೇಳಿಸಿಕೊಂಡು ಅವರಿಗೆ ಕಾಫಿ ಕೊಡುತ್ತಿದ್ದಳು.

ತಾರಸಿಯಿಂದ ಆ ಫೋಟೋದವರೆಗೆ ಕಣ್ಣು ಮುಚ್ಚಿದ ಅಮ್ಮನನ್ನು ಕೈಹಿಡಿದು ಇಳಿಸುವ ಕೆಲಸ ನನ್ನದು. ಎರಡು ಅಂತಸ್ತು, ಮೂವತ್ತೆರಡು ಮೆಟ್ಟಿಲು. ನಡುವೆ ಕೆಳಮನೆಯ ರಾಜ್ಯಲಕ್ಷ್ಮಿ ಆಂಟಿ ಒಣಗಿದ ಬಟ್ಟೆ ತರಲು ಸರಿಯಾಗಿ ಆಗಲೇ ಹತ್ತಿ ಬರುತ್ತಿದ್ದರು. "ಆಂಟೀ, ಪಕ್ಕಕ್ಕೆ, ಅಮ್ಮ ಬರ್ತಿದ್ದಾಳೆ" ಎಂದು ನಾನು ತೆಲುಗಿನಲ್ಲಿ ಕೂಗಿಕೊಂಡು ಮುಂದೆ ನಡೆಯಬೇಕು. ಆಂಟಿ ಗೋಡೆಗೆ ಅಂಟಿಕೊಂಡು, ಬಟ್ಟೆಯ ಹಿಂದೆ ಮುಖ ಮುಚ್ಚಿಕೊಂಡು, ಕಿಸಕ್ಕನೆ ನಗುವರು. ನನಗೆ ನೆಲ ಬಿರಿದು ಒಳಗೆ ಹೋಗಬಾರದೇ ಎನ್ನಿಸುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಉರಿಸುತ್ತಿದ್ದುದು ಇನ್ನೊಂದು. ಇಳಿಯುವಾಗ ಅಮ್ಮ ಪ್ರತಿ ಸಲ ಹೇಳುತ್ತಿದ್ದಳು: "ನೀ ಮುಂದೆ ಮುಖ ಮಾಡಿ ನಡಿ ತಲ್ಲೀ. ಹಿಂದೆ ತಿರುಗಬ್ಯಾಡ." ಅಪ್ಪಿತಪ್ಪಿ ಕಣ್ಣು ತೆರೆದರೂ ನನ್ನ ಮುಖ ಕಾಣಬಾರದು. ರಾಜ್ಯಲಕ್ಷ್ಮಿ ಆಂಟಿಯ ಮುಖವಾದರೂ ಪರವಾಗಿಲ್ಲ, ನನ್ನದು ಬೇಡ.

ಒಮ್ಮೆ ಕೇಳಿದ್ದೆ, ನನ್ನ ಮುಖ ನೋಡಿದರೆ ಏನಾಗುತ್ತದೆಂದು. "ಅದೆಲ್ಲ ನಿನಗ್ಯಾಕೆ, ಹೋಮ್‌ವರ್ಕ್ ಮಾಡು" ಎಂದಳು. ನಾನು ಬಚ್ಚಲಿನ ಕನ್ನಡಿಯ ಮುಂದೆ ನಿಂತು ನೋಡಿಕೊಂಡೆ. ಅಪ್ಪನಂಥ ಅಗಲ ಮೂಗು, ಸೊಟ್ಟ ಹಲ್ಲು, ಬಲಗೆನ್ನೆಯಲ್ಲಿ ಅಮ್ಮ ಹಚ್ಚಿದ ಕಾಡಿಗೆಬೊಟ್ಟು. ಇಂಥ ಮುಖ ನೋಡಿದರೆ ಯಾರಿಗಾದರೂ ತಿಂಗಳು ಕೆಡುತ್ತದೆ ಎಂದು ನನಗೇ ಖಾತ್ರಿಯಾಯಿತು. ಆದರೂ ಆಸೆ ಬಿಡಬೇಕಲ್ಲ. ಒಂದೇ ಒಂದು ಬಿದಿಗೆಯ ದಿನ ಅಮ್ಮ ಚಂದ್ರನನ್ನು ನೋಡಿ, ಆಮೇಲೆ ನನ್ನ ಮುಖ ನೋಡಬೇಕು. ಆ ವಯಸ್ಸಿನಲ್ಲಿ ನನಗೆ ಹೊಸ ಸೈಕಲ್ಲೂ ಬೇಡವಾಗಿತ್ತು, ಗೊಂಬೆಯೂ ಬೇಡವಾಗಿತ್ತು, ಇದೊಂದು ಬೇಕಿತ್ತು. ಬಾಯಿಬಿಟ್ಟು ಹೇಳುವಷ್ಟು ನಾಚಿಕೆಗೆಟ್ಟವಳಾಗಿರಲಿಲ್ಲ, ಅಷ್ಟೆ.

ಆ ವರ್ಷ ನಮ್ಮ ಪಶ್ಚಿಮದ ಖಾಲಿ ಸೈಟಿನಲ್ಲಿ ಅಪಾರ್ಟ್‌ಮೆಂಟು ಎದ್ದಿತು. ಪಟಮಟದಲ್ಲಿ ಆಗ ತಿಂಗಳಿಗೊಂದು ಏಳುತ್ತಿದ್ದವು. ಐದನೆಯ ಅಂತಸ್ತಿನ ಗೋಡೆ ಬಂದದ್ದೇ ಅಮ್ಮನ ಬಿದಿಗೆ ಚಂದ್ರ ಹೋದ. ಕತ್ತಲಾಗುವ ಹೊತ್ತಿಗೆ ಅವನು ಕೆಳಗಿಳಿದು ಆ ಗೋಡೆಯ ಹಿಂದೆ ಸೇರಿರುತ್ತಿದ್ದ. ಅಪ್ಪ ಬಂದ ಶನಿವಾರ ಅಮ್ಮ ಊಟಕ್ಕೆ ಬಡಿಸುತ್ತಾ ಅಂದಳು: "ಏವಂಡಿ, ಪಶ್ಚಿಮ ದಿಕ್ಕೇ ಹೋಯಿತು. ಇನ್ನ ನಾ ವಿದಿಯ ಎಲ್ಲಿ ನೋಡಲಿ?" ಬೇರೆ ಗಂಡಸಾಗಿದ್ದರೆ ಬೇರೆ ಮನೆ ನೋಡೋಣ ಎನ್ನುತ್ತಿದ್ದ, ಇಲ್ಲವೇ ಹುಚ್ಚು ಬಿಡು ಎನ್ನುತ್ತಿದ್ದ. ನಮ್ಮಪ್ಪನ ಕಣ್ಣು ಫಳಕ್ಕೆಂದಿತು. ಹಡಗಿನ ಕೆಲಸದಿಂದ ನಿವೃತ್ತರಾದ ಯಾರೋ ಒಬ್ಬರಿಂದ ಅಪ್ಪ ಹಳೆಯದೊಂದು ಟೆಲಿಸ್ಕೋಪು ತಂದಿಟ್ಟುಕೊಂಡಿದ್ದರು. ಅದನ್ನು ಯಾತಕ್ಕಾದರೂ ಬಳಸಲು ಕಾರಣ ಹುಡುಕುತ್ತಿದ್ದರು.

"ಕತ್ತಲಾಗೂತನಕ ಯಾಕ ಕಾಯ್ತೀ ಶಾರದಾ? ಮಧ್ಯಾಹ್ನ ಮೂರಕ್ಕ ನೋಡು, ಅಂವ ನೆತ್ತಿ ಹಂತ್ಯಾಕ ಇರ್ತಾನ. ಹಗಲಾಗೂ ಇರ್ತಾನ, ನಮಗ ಕಾಣಂಗಿಲ್ಲ ಅಷ್ಟ. ಹಗಲ ಚಂದ್ರನ ಫೋಟೋ ತಗದು ಕೊಡ್ತೀನಿ. ನನ್ನ ಫೋಟೋದ ಬಾಜೂಕ ಹಾಕ್ಕೋ. ಅಂವನ್ನ ನೋಡು, ಹಂಗ ಹೊಳ್ಳಿ ನನ್ನ ನೋಡು. ಹುಡುಗಿಗೂ ಮೆಟ್ಟಲಾ ಇಳಿಸೂದು ತಪ್ತೈತಿ."

ಮೆಟ್ಟಿಲು ತಪ್ಪುವುದೆಂದು ಸಂತೋಷವಾಗಬೇಕಿತ್ತು. ಆಗಲಿಲ್ಲ. ಚಂದ್ರ, ಪಕ್ಕದಲ್ಲೇ ಅಪ್ಪ. ನಾನು ಎಲ್ಲೂ ಬೇಡ.

ಕ್ರಿಸ್‌ಮಸ್ ರಜೆಗೆ ಅಪ್ಪ ನನ್ನನ್ನು ವಿಶಾಖಪಟ್ಟಣಕ್ಕೆ ಕರೆದೊಯ್ದರು. ಅಮ್ಮನ ಶಾಲೆಗೆ ರಜೆ ಇರಲಿಲ್ಲ. ದುವ್ವಾಡದ ಬಳಿ ಅಪ್ಪನ ಬಾಡಿಗೆ ಕೋಣೆಯ ಮೇಲೆ ತಾರಸಿ. ತಾರಸಿಯ ಮೇಲೊಂದು ಮೆಟ್ಟಿಲಕೋಣೆ. ಅದರ ಗೋಡೆಯ ನೆರಳಲ್ಲಿ ಟೆಲಿಸ್ಕೋಪು ಇಡಬೇಕು, ಸೂರ್ಯ ಗೋಡೆಯ ಹಿಂದೆ ಅಡಗಿರಬೇಕು, ಚಂದ್ರ ಗೋಡೆಯ ಮೇಲ್ಗಡೆ ಸಿಗಬೇಕು. ಕೊಳವೆ ನೆರಳಿನಿಂದ ಒಂದು ಬೆರಳು ಆಚೆ ಹೋದರೂ ಕಣ್ಣು ಹೋದವೇ ಎಂದು ಅಪ್ಪ ಹೆದರಿಸಿದ್ದರು. ನೆರಳು ನಿಲ್ಲುವುದೇ? ಹತ್ತು ನಿಮಿಷಕ್ಕೊಮ್ಮೆ ಸ್ಟೂಲು, ಕೊಳವೆ, ಪಂಚಾಂಗ, ನೀರಿನ ತಂಬಿಗೆ ಎಲ್ಲ ಸರಿಸಬೇಕು. ಕ್ಯಾಮೆರಾ ಯಾರದೋ ಎರವಲು. ಅದನ್ನು ಕೊಳವೆಗೆ ಸಿಕ್ಕಿಸಲು ಕಾರ್ಖಾನೆಯಲ್ಲಿ ಅಲ್ಯೂಮಿನಿಯಂ ಬಳೆಯೊಂದನ್ನು ಮಾಡಿಸಿಕೊಂಡು ಬಂದಿದ್ದರು. ಕೊಳವೆಯನ್ನು ಎಷ್ಟು ಹೊರಕ್ಕೆಳೆದರೆ ದೂರದ ಗುಡ್ಡದ ಮೇಲಿನ ಕಂಬ ನಿಚ್ಚಳವಾಗಿ ಕಾಣುವುದೋ ಅಲ್ಲಿಗೆ ಅಳತೆಯಿಟ್ಟು, ಕುಂಕುಮದಿಂದ ಗೀಟೆಳೆದಿದ್ದರು. ದೇವರನ್ನು ನಂಬದ ಮನುಷ್ಯ ಕುಂಕುಮ ಇಟ್ಟುಕೊಂಡಿದ್ದೇ ಇದಕ್ಕೆ.

ನನ್ನ ಕೆಲಸ ಬೆಡ್‌ಶೀಟು ಹಿಡಿಯುವುದು. ಅಪ್ಪನ ತಲೆ, ಕ್ಯಾಮೆರಾ ಎರಡರ ಮೇಲೂ ಅದನ್ನು ಚಾಚಿ, ತೋಳು ಮೇಲೆತ್ತಿ ನಿಲ್ಲಬೇಕು. ಸಮುದ್ರದ ಗಾಳಿ ಅದನ್ನು ಎಳೆಯುತ್ತಿತ್ತು. ಕೆಳಗಿನಿಂದ ಯಾರದೋ ಮನೆಯ ಒಣಮೀನು ಹುರಿಯುವ ಘಾಟು. ಅಪ್ಪ ತೋಳು ನೀಡಿ, ಗೋಡೆಯಂಚಿನಲ್ಲಿ ಅಡಗಿದ ಸೂರ್ಯನಿಂದ ಗೇಣು ಹಾಕುತ್ತಿದ್ದರು. "ಒಂದು ಗೇಣು, ಮ್ಯಾಲ ಮೂರು ಬೆರಳು, ಎಡಕ್ಕ ಸ್ವಲ್ಪ. ಅಲ್ಲೇ ಅದಾನ ಮಗಾ." ಮಗ ಅಲ್ಲಿರಲಿಲ್ಲ. ಬಿದಿಗೆಯ ಇಡೀ ಮಧ್ಯಾಹ್ನ ಹುಡುಕಿದರೂ ಸಿಗಲಿಲ್ಲ. ಬಿಳಿಚಿದ ನೀಲಿ, ಮತ್ತೆ ಬಿಳಿಚಿದ ನೀಲಿ. ನನ್ನ ತೋಳು ನನ್ನದಲ್ಲವೆನ್ನುವಂತಾಗಿತ್ತು. "ಅಳ್ಳಾಡಿಸಬ್ಯಾಡವಾ, ಹಿಡಕೊಂಡು ನಿಂದ್ರು" ಎನ್ನುವುದು ಬಿಟ್ಟರೆ ಆ ಬಾಯಿಂದ ಇನ್ನೊಂದು ಮಾತಿಲ್ಲ. ಸಂಜೆ ಕೆಳಗಿಳಿದಾಗ ನಾನು ಮಾತು ಬಿಟ್ಟಿದ್ದೆ. ಅಪ್ಪ ಬಜ್ಜಿ ತಂದುಕೊಟ್ಟರು. ಬಜ್ಜಿ ತಿಂದೆ, ಮಾತು ಮಾತ್ರ ಆಡಲಿಲ್ಲ.

ಮಾರನೆಯ ದಿನ, ತದಿಗೆ, ಚಂದ್ರ ಸಿಕ್ಕಿದ. ಸೂರ್ಯನಿಂದ ಸರಿಯಾಗಿ ಎರಡು ಗೇಣು. ಅಪ್ಪ ಉಸಿರು ಬಿಡದೆ ನನ್ನನ್ನು ಎಳೆದು ಕೊಳವೆಗೆ ಕಣ್ಣಿಡಿಸಿದರು. ಹಗಲ ಆಕಾಶದಲ್ಲಿ ಬಿಳಿಯ ಒಂದು ಉಗುರುಗೀರು, ಗಾಳಿಗೆ ಅಲುಗುತ್ತಿತ್ತು. ಸುತ್ತ ಎಲ್ಲ ಅದೇ ನೀಲಿ. ಚಂದ್ರನ ಒಳಹೊಟ್ಟೆಯೂ ಅದೇ ನೀಲಿ. ಚೆನ್ನಾಗಿತ್ತು ಎಂದು ಆಗ ಒಪ್ಪಿಕೊಳ್ಳಲಿಲ್ಲ. ಈಗ ಒಪ್ಪುತ್ತೇನೆ, ಅಷ್ಟು ಚೆಂದದ್ದನ್ನು ಆಮೇಲೆ ನಾನು ಕಂಡಿಲ್ಲ. ಅಪ್ಪ ಒಂದಾದ ಮೇಲೊಂದರಂತೆ ಮೂವತ್ತೈದು ಸಲ ಗುಂಡಿ ಒತ್ತಿದರು. ತದಿಗೆಯೆಂದು ಅಮ್ಮನ ಮುಂದೆ ಬಾಯಿಬಿಟ್ಟರೆ ನೋಡು ಎಂದು ನನಗೆ ತಾಕೀತು ಮಾಡಿದರು. ರೀಲಿನಲ್ಲಿ ಇನ್ನೊಂದು ಪಟ ಉಳಿದಿತ್ತು. ಕ್ಯಾಮೆರಾ ಬಿಚ್ಚಿ, ಅದರ ಲೆನ್ಸು ಹಾಕಿ, ನನ್ನತ್ತ ತಿರುಗಿದರು. "ನಿಂದ್ರು, ಇದೊಂದು ಯಾಕ ದಂಡ ಮಾಡೂದು?" ತಲೆಯ ಮೇಲೆ ಬೆಡ್‌ಶೀಟು, ಕೆದರಿದ ಜಡೆ, ಬಿಸಿಲಿಗೆ ಕಿರಿದಾದ ಕಣ್ಣು, ಮುಖದ ತುಂಬ ಸಿಡುಕು. ಟಕ್.

ರೀಲನ್ನು ದ್ವಾರಕಾ ನಗರದ ಒಂದು ಸ್ಟುಡಿಯೋಗೆ ಕೊಟ್ಟೆವು. ವಿಜಯವಾಡಕ್ಕೆ ಹೊರಟ ದಿನ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಆಟೋ ನಿಲ್ಲಿಸಿ ಅಪ್ಪ ಇಳಿದು ಲಕೋಟೆ ತಂದರು. ಸ್ಟುಡಿಯೋದವರು ಬಾಗಿಲವರೆಗೆ ಬಂದು ಏನೋ ಹೇಳಹೊರಟಿದ್ದರು. ರೈಲಿಗೆ ಹೊತ್ತಾಯಿತೆಂದು ಅಪ್ಪ ಕೇಳಿಸಿಕೊಳ್ಳಲಿಲ್ಲ. ಲಕೋಟೆ ತೆರೆಯಲೂ ಇಲ್ಲ, ಯಾಕೆಂದರೆ ಫೋನಿನಲ್ಲಿ ಅಮ್ಮನ ಆಜ್ಞೆಯಾಗಿತ್ತು: ಮೊದಲು ತಾನೇ ನೋಡಬೇಕು, ಅದೂ ಬಿದಿಗೆಯ ದಿನವೇ. ಮುಂದಿನ ಬಿದಿಗೆಗೆ ಇನ್ನೂ ಮೂರು ವಾರವಿತ್ತು. ಮೂರು ವಾರ ಆ ಲಕೋಟೆ ದೇವರ ಗೂಡಿನಲ್ಲಿ, ದಿನವೂ ಹೂ ಏರಿಸಿಕೊಂಡು, ಅಂಟು ಬಿಚ್ಚದೆ ಕೂತಿತ್ತು. ಇಂಥವರ ಜೊತೆ ಬಾಳುವೆ ಮಾಡಿದ್ದಕ್ಕೆ ನನಗೆ ಯಾರಾದರೂ ಶಾಲು ಹೊದಿಸಬೇಕು. ಅಮ್ಮ ಗೋಡೆಗೆ ಮೊಳೆಯನ್ನೂ ಹೊಡೆಸಿಟ್ಟಳು, ಅಪ್ಪನ ಫೋಟೋದ ಪಕ್ಕ.

ಮಾಘದ ಬಿದಿಗೆ ಬಂತು. ಸಂಜೆ ದೀಪ ಹಚ್ಚಿ, ಹೊಸ ಸೀರೆಯುಟ್ಟು, ಅಮ್ಮ ಕಣ್ಣು ಮುಚ್ಚಿ ನಡುಮನೆಯಲ್ಲಿ ನಿಂತಳು. ಸುದ್ದಿಗಾಗಿ ಅಪ್ಪ ದುವ್ವಾಡದ ಫೋನ್ ಬೂತಿನಿಂದ ಆಗಲೇ ಒಮ್ಮೆ ಕರೆ ಮಾಡಿದ್ದರು. ನಾನು ಲಕೋಟೆ ಒಡೆದು, ಒಳಗಿದ್ದುದನ್ನು ನೋಡದೆ, ಹೇಳಿಕೊಟ್ಟಂತೆ ಮುಖ ಅತ್ತ ತಿರುಗಿಸಿಕೊಂಡು ಅಮ್ಮನ ಕೈಗಿಟ್ಟೆ. ಅಮ್ಮ ಕಣ್ಣು ತೆರೆದಳು.

"ಇದೇನಿದು?" ಎಂದಳು. "ಇದು ನೀನು."

ಲಕೋಟೆಯಲ್ಲಿ ನೆಗೆಟಿವ್‌ಗಳ ಜೊತೆ ಇದ್ದದ್ದು ಒಂದೇ ಫೋಟೋ. ಆ ಕಾಲದಲ್ಲಿ ಸ್ಟುಡಿಯೋದವರು ಕೆಟ್ಟ ಪಟಗಳನ್ನು ಪ್ರಿಂಟು ಹಾಕಿ ಗಿರಾಕಿಗೆ ನಷ್ಟ ಮಾಡುತ್ತಿರಲಿಲ್ಲ. ಪಾಪ, ಒಳ್ಳೆಯತನ. ಒಂದೇ ಸಮ ಮಸುಕಾಗಿ, ಮನುಷ್ಯರಿಲ್ಲದೆ, ಮರವಿಲ್ಲದೆ ಇದ್ದ ಮೂವತ್ತೈದನ್ನೂ ಬೆಳಕು ಬಿದ್ದು ಹಾಳಾದವೆಂದು ಬಿಟ್ಟು, ಮುಖವಿದ್ದ ಒಂದನ್ನು ದೊಡ್ಡದು ಮಾಡಿ ಕೊಟ್ಟಿದ್ದರು. ಬೆಡ್‌ಶೀಟು ಹೊದ್ದ ಸಿಡುಕುಮೋರೆ. ಬಿದಿಗೆಯ ದಿನ ಅಮ್ಮ ಕಣ್ಣು ತೆರೆದು ಮೊದಲು ಕಂಡ ಮುಖ ನನ್ನದೇ.

ನನಗೆ ಒಳಗೊಳಗೇ ಹಬ್ಬ. ಖುಷಿ ತಡೆಯಲಾರದೆ ತಿರುಗಿ ಅಮ್ಮನನ್ನು ನೋಡಿದೆ. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. ಫೋಟೋವನ್ನು ಸೆರಗಿನಿಂದ ಮುಚ್ಚಿ ಎದೆಗೊತ್ತಿಕೊಂಡಿದ್ದಳು. ಆಮೇಲೆ ನನ್ನನ್ನು ಹಿಡಿದು ಕೂರಿಸಿ, ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಮನೆಯೆಲ್ಲ ಕೆಮ್ಮು. ಅಪ್ಪ ಮತ್ತೆ ಫೋನು ಮಾಡಿದಾಗ, "ಏನು ತಂದುಕೊಟ್ಟಿರಿ ನೀವು" ಎಂದು ಅತ್ತಳು. ನನ್ನ ಮುಖ ಕಂಡದ್ದಕ್ಕೆ ನನ್ನಮ್ಮ ಅತ್ತಳು. ಅದನ್ನು ಬಹಳ ವರ್ಷ ನಾನು ಮರೆಯಲಿಲ್ಲ, ಮರೆಯುವ ಪ್ರಯತ್ನವನ್ನೂ ಮಾಡಲಿಲ್ಲ.

ಆ ತಿಂಗಳೇ ನನ್ನ ಜೈಲು. ಸೈಕಲ್ಲಿಗೆ ಬೀಗ ಬಿತ್ತು. ಕೃಷ್ಣಾ ನದಿಗೆ ಶಾಲೆಯವರು ಪ್ರವಾಸ ಕರೆದೊಯ್ದರು. ದೋಣಿ ಇದೆಯೆಂದು ನನ್ನನ್ನು ಕಳಿಸಲಿಲ್ಲ. ಬಸ್ ಸ್ಟಾಪಿನವರೆಗೆ ಕೈಹಿಡಿದು ಬರುವಳು, ಸಂಜೆ ಅಲ್ಲೇ ನಿಂತಿರುವಳು. ಒಂದು ಸೀನು ಸೀನಿದರೆ ಡಾಕ್ಟರ ಮನೆ. ನನ್ನ ಮುಖ ಕಂಡು ಅವಳಿಗೆ ತಿಂಗಳು ಕೆಟ್ಟಿದೆ, ಆ ಸಿಟ್ಟನ್ನು ನನ್ನ ಮೇಲೆ ತೀರಿಸಿಕೊಳ್ಳುತ್ತಿದ್ದಾಳೆ ಎಂದುಕೊಂಡೆ. ನಾನೂ ಬಿಡಲಿಲ್ಲ, ಒಂದಕ್ಕೆರಡು ಮಾತಾಡಿದೆ. ಮುಂದಿನ ಬಿದಿಗೆಯ ಸಂಜೆ ಅಮ್ಮ ರಾಜ್ಯಲಕ್ಷ್ಮಿ ಆಂಟಿಯ ಅಣ್ಣನ ಮನೆಯ ತಾರಸಿಗೆ ಹೋಗಿ ಚಂದ್ರನನ್ನು ನೋಡಿ, ಪರ್ಸಿನಿಂದ ಅಪ್ಪನ ಫೋಟೋ ತೆಗೆದು ನೋಡಿ, ದೊಡ್ಡದಾಗಿ ಉಸಿರು ಬಿಟ್ಟಳು. ಸೈಕಲ್ಲಿನ ಬೀಗದ ಕೈಯನ್ನು ಅಲ್ಲೇ ನನ್ನ ಕೈಗೆ ಕೊಟ್ಟಳು.

ನನಗೆ ಹದಿನಾರಾಗಿದ್ದಾಗ ಅಪ್ಪ ಹೋದರು. ಕೆಲಸದ ಹೊತ್ತಿನಲ್ಲೇ ಎದೆನೋವು. ನಾವು ರೈಲು ಹತ್ತುವ ಮೊದಲೇ ಎಲ್ಲ ಮುಗಿದಿತ್ತು. ಕಾರ್ಯಗಳೆಲ್ಲ ಮುಗಿದು ನೆಂಟರು ಹೊರಟುಹೋದ ಮಧ್ಯಾಹ್ನ ಅಮ್ಮ ಅಡುಗೆಮನೆಯ ನೆಲದ ಮೇಲೆ ಕೂತಿದ್ದಳು. ನಾನು ಕೇಳಿರಲಿಲ್ಲ, ಅವಳೇ ಹೇಳಿದಳು.

"ನಮ್ಮ ಅಮ್ಮಮ್ಮ ಹೇಳಿದ್ದಳು ತಲ್ಲೀ. ವಿದಿಯ ಚಂದ್ರನ ಮೇಲೆ ಯಾರ ಮುಖ ನೋಡ್ತೀವೋ, ಆ ತಿಂಗಳ ನಮ್ಮ ಕಷ್ಟ ಎಲ್ಲಾ ಅವರ ಮೇಲೆ ಹೋಗ್ತದೆ. ಮಕ್ಕಳ ಮುಖ ಮಾತ್ರ ನೋಡಬ್ಯಾಡ ಅಂದಿದ್ದಳು."

"ಅಪ್ಪನಿಗೆ ಗೊತ್ತಿತ್ತಾ?"

"ಗೊತ್ತಿಲ್ಲದೆ ಏನು. ಮದುವೆಯಾದ ತಿಂಗಳೇ ಹೇಳಿದ್ದೆ. ನಕ್ಕುಬಿಟ್ಟರು. 'ಹಂಗಾರ ನನ್ನ ಮುಖಾನ ನೋಡು, ಗಟ್ಟಿ ಐತಿ' ಅಂದರು. ಆ ಫೋಟೋ ತೆಗೆಸಿ ಗೋಡೆಗೆ ಹೊಡೆದವರು ಅವರೇ." ಸೆರಗಿನ ಹರಿದ ತುದಿಯನ್ನು ಬೆರಳಿಗೆ ಸುತ್ತುತ್ತಾ ಅಂದಳು: "ಹದಿನೆಂಟು ವರ್ಷ, ಪ್ರತಿ ತಿಂಗಳು ಅವರ ಮೇಲೇ ಹಾಕಿದೆ."

ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ಅಪ್ಪ ನುಂಗದೆ ಬಿಟ್ಟ ಬಿ.ಪಿ. ಮಾತ್ರೆಗಳ ಪಟ್ಟಿ ಹಾಗೇ ಸಿಕ್ಕಿತಲ್ಲ ಎಂದೆ. ಹೌದು ಎಂದಳು. ನಂಬಲಿಲ್ಲ. ಇದನ್ನು ನನ್ನ ಹನ್ನೊಂದನೆಯ ವಯಸ್ಸಿನಲ್ಲೇ ಹೇಳಿದ್ದರೆ ಯಾರಪ್ಪನ ಗಂಟು ಹೋಗುತ್ತಿತ್ತು? ಐದು ವರ್ಷ ನಾನು ಕನ್ನಡಿಯೊಡನೆ ಜಗಳವಾಡಿದೆನಲ್ಲ. ಅಷ್ಟು ಸಿಟ್ಟು ಬಂತು. ಸಿಟ್ಟಿನಲ್ಲೇ ಅವಳ ಪಕ್ಕ ಕೂತು, ಅವಳ ಕೈ ಹಿಡಿದುಕೊಂಡು ಅತ್ತೆ.

ಆಮೇಲೂ ಅಮ್ಮ ಬಿದಿಗೆ ತಪ್ಪಿಸಲಿಲ್ಲ. ಗೋಡೆಯ ಫೋಟೋಗೆ ಈಗ ಹಾರ ಬಿದ್ದಿತ್ತು. ಅತ್ತ ನೋಡುತ್ತಿರಲಿಲ್ಲ, ಹೋದವರ ಮೇಲೂ ಹೊರಿಸಲೇ ಎನ್ನುತ್ತಿದ್ದಳು. ಪೌಡರು ಡಬ್ಬಿಯಿಂದ ಕಿತ್ತ ಒಂದು ದುಂಡನೆಯ ಕನ್ನಡಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗಿ, ಚಂದ್ರನನ್ನು ನೋಡಿ, ನೂಲೆಳೆ ಎಸೆದು, ಕನ್ನಡಿಯಲ್ಲಿ ತನ್ನದೇ ಮುಖ ನೋಡಿಕೊಳ್ಳುತ್ತಿದ್ದಳು. ಹೋದ ವರ್ಷದವರೆಗೂ ಹೀಗೇ ನಡೆಯಿತು. ಮನೆ ಖಾಲಿ ಮಾಡಿದಾಗ ಇಂಗಿನ ಡಬ್ಬಿಯ ಜೊತೆ ಆ ಕನ್ನಡಿಯನ್ನೂ ಎತ್ತಿ ಬ್ಯಾಗಿಗೆ ಹಾಕಿಕೊಂಡೆ. ಅದರ ಕೆಳಗೇ ಹಳೆಯ ಲಕೋಟೆಯೂ ಇತ್ತು, ನೆಗೆಟಿವ್‌ಗಳ ಸಮೇತ. ಬೆಳಕಿಗೆ ಹಿಡಿದು ನೋಡಿದೆ. ಮೂವತ್ತೈದು ಖಾಲಿ ಪಟಗಳಲ್ಲಿ ಹನ್ನೊಂದರ ಒಳಗೆ ಅವನಿದ್ದ, ಕೂದಲೆಳೆಯಷ್ಟು. ಹುಡುಕುವವರು ಬೇಕಿತ್ತು, ಅಷ್ಟೆ.

ನಾನೀಗ ವಿಶಾಖಪಟ್ಟಣದಲ್ಲೇ ಇದ್ದೇನೆ. ಇಂಥದ್ದನ್ನೆಲ್ಲ ನಂಬುವವಳಲ್ಲ. ಮೊನ್ನೆ ಮಗಳನ್ನು ಕರೆದುಕೊಂಡು ದುವ್ವಾಡದ ಪ್ಲಾಟ್‌ಫಾರ್ಮಿನಲ್ಲಿ ರೈಲಿಗೆ ಕಾಯುತ್ತಿದ್ದೆ. ಮಧ್ಯಾಹ್ನ ಮೂರು ದಾಟಿತ್ತು. ಸೂರ್ಯ ಚಾವಣಿಯ ಮರೆಯಲ್ಲಿದ್ದ. ಬಿದಿಗೆಯೋ ತದಿಗೆಯೋ ಎಂಬ ಲೆಕ್ಕವೂ ಇಲ್ಲದೆ ತೋಳು ನೀಡಿ, ಅಲ್ಲಿಂದ ಎರಡು ಗೇಣು ಅಳೆದೆ. ಮಳೆ ತೊಳೆದ ನೀಲಿಯಲ್ಲಿ, ಇದ್ದೂ ಇಲ್ಲದಂತೆ, ಬಿಳಿಯ ಉಗುರುಗೀರು. ಸೀರೆಯುಟ್ಟಿರಲಿಲ್ಲ, ದುಪಟ್ಟಾದ ಅಂಚಿನಿಂದ ಒಂದೆಳೆ ಕಿತ್ತು ಎಸೆದೆ. ಕಣ್ಣು ತಾನಾಗಿ ಮುಚ್ಚಿಕೊಂಡವು.

"ಅಮ್ಮಾ, ಏನಾಯ್ತು? ನನ್ನ ಕಡೆ ನೋಡು" ಎಂದು ಮಗಳು ತೆಲುಗಿನಲ್ಲಿ ಕೇಳುತ್ತಾ ಕೈ ಎಳೆಯತೊಡಗಿದಳು.

"ಮುಂದೆ ಮುಖ ಮಾಡಿ ನಿಲ್ಲು ತಲ್ಲೀ, ಒಂದು ನಿಮಿಷ" ಎಂದೆ. ರೈಲು ಬರುವ ಸದ್ದು ಕೇಳಿಸುತ್ತಿತ್ತು. ಕಣ್ಣು ಮುಚ್ಚಿಕೊಂಡೇ ಬ್ಯಾಗಿನೊಳಗೆ ಕೈ ಹಾಕಿ ಅಮ್ಮನ ಕನ್ನಡಿಗಾಗಿ ತಡಕಾಡಿದೆ.